ಪರದೇಶದ ‘ಗೈಡು’: ಕೊಳ್ಳುವ ಮುನ್ನ ಪರೀಕ್ಷಿಸಿ

ನಮ್ಮ ಮಕ್ಕಳಿಗೆ ‘ಗೈಡು’ ಎಂದರೆ ಒಂದೇ ಅರ್ಥ. ಪರೀಕ್ಷೆಗೆ ಎರಡು ತಿಂಗಳಿರುವಾಗ ಪುಸ್ತಕದಂಗಡಿಗಳಲ್ಲಿ ರಾಶಿ ಬೀಳುವ, ಪಠ್ಯಪುಸ್ತಕಕ್ಕಿಂತ ದಪ್ಪನಾದ ಪ್ರಶ್ನೋತ್ತರಗಳ ಕಟ್ಟು. ಮೇಷ್ಟರುಗಳು ಅದನ್ನು ಕಂಡರೆ ಸಿಡಿಮಿಡಿಗುಟ್ಟುತ್ತಾರೆ. ಆದರೂ ಅದಿಲ್ಲದ ಮನೆಯಿಲ್ಲ. ಅದರ ದೋಷವೆಂದರೆ, ಬರೆದವನು ತನಗೆ ಹೊಳೆದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಟ್ಟಿರುತ್ತಾನೆ. ಪರೀಕ್ಷೆಯಲ್ಲಿ ಬೇರೆ ಪ್ರಶ್ನೆ ಬಂತೋ, ಹುಡುಗ ಕಣ್ಣು ಕಣ್ಣು ಬಿಡಬೇಕು. ಪರದೇಶ ಪ್ರವಾಸಕ್ಕೆಂದು ಕೊಳ್ಳುವ ಗೈಡಿನ ಕಥೆಯೂ ಹೆಚ್ಚುಕಡಿಮೆ ಇದೇ.

ಈಗ ನಮ್ಮ ಸಣ್ಣ ಊರುಗಳಿಂದಲೂ ಮಕ್ಕಳು ಓದಲು ಹೊರದೇಶಕ್ಕೆ ಹೋಗುತ್ತಿದ್ದಾರೆ. ಅವರ ಘಟಿಕೋತ್ಸವದ ನೆಪದಲ್ಲಿ ತಂದೆ ತಾಯಿಯೂ ಜೀವನದಲ್ಲಿ ಒಮ್ಮೆ ವಿಮಾನ ಹತ್ತುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮ್ಯಾಂಚೆಸ್ಟರಿನಲ್ಲಿ ಎಂ.ಎಸ್ಸಿ. ಮುಗಿಸಿದಾಗ ಅವಳ ತಂದೆ ತಾಯಿ ಡಿಸೆಂಬರಿನಲ್ಲಿ ಹೊರಡುವುದೆಂದು ನಿಶ್ಚಯಿಸಿದರು. ಹೇಗೂ ಅಷ್ಟು ದೂರ ಹೋಗುತ್ತೇವೆ, ಲಂಡನ್, ಪ್ಯಾರಿಸ್, ಸ್ವಿಟ್ಜರ್ಲೆಂಡ್ ನೋಡಿಕೊಂಡೇ ಬರೋಣವೆಂದು ಬ್ಯಾಂಕಿನಲ್ಲಿದ್ದ ಠೇವಣಿಯನ್ನೂ ಮುರಿಸಿದ್ದರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಯೂರೋಪಿನ ದಪ್ಪ ಗೈಡೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ‘ಇದೊಂದಿದ್ದರೆ ಸಾಕಲ್ಲವೇ ಮೇಷ್ಟ್ರೇ?’ ಎಂಬುದು ಅವರ ಪ್ರಶ್ನೆ.

ನಾನು ಮೊದಲು ತೆರೆದದ್ದು ಬಣ್ಣದ ಚಿತ್ರಗಳನ್ನಲ್ಲ, ಮುಖಪುಟದ ಹಿಂದಿನ ಸಣ್ಣಕ್ಷರಗಳ ಪುಟವನ್ನು. ಮುದ್ರಣವಾದ ವರ್ಷ 2005. ಒಂದು ವಿಷಯ ನೆನಪಿಡಬೇಕು: ಲೇಖಕರು ಊರೂರು ತಿರುಗಿ ವಿವರ ಕೂಡಿಹಾಕಿ, ಅದು ಅಚ್ಚಾಗಿ ಅಂಗಡಿಗೆ ಬರುವಷ್ಟರಲ್ಲೇ ಕಾಲ ಸರಿದಿರುತ್ತದೆ. ಹೊಚ್ಚ ಹೊಸ ಗೈಡು ಕೂಡ ಹುಟ್ಟುವಾಗಲೇ ಸ್ವಲ್ಪ ಹಳೆಯದು.

ಹಾಗೆಂದು ಹಳೆಯದನ್ನೆಲ್ಲ ರದ್ದಿಗೆ ಹಾಕಬೇಕೆಂದಲ್ಲ. ವಿಕಿರಣಶೀಲ ವಸ್ತುಗಳ ಪಾಠ ಕೇಳಿದ ವಿದ್ಯಾರ್ಥಿಗಳಿಗೆ ‘ಅರ್ಧಾಯು’ ಗೊತ್ತಿರುತ್ತದೆ. ಅಯೋಡಿನ್-131 ಎಂಟು ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಯುರೇನಿಯಂ-238 ಅರ್ಧವಾಗಲು ಸುಮಾರು 450 ಕೋಟಿ ವರ್ಷ ಬೇಕು. ಗೈಡಿನ ಒಂದೇ ಪುಟದಲ್ಲಿ ಈ ಎರಡು ಜಾತಿಯ ಮಾಹಿತಿಯೂ ಅಕ್ಕಪಕ್ಕ ಕುಳಿತಿರುತ್ತದೆ. ಹೋಟೆಲಿನ ಬಾಡಿಗೆ, ಟಿಕೆಟ್ಟಿನ ದರ, ವೀಸಾ ನಿಯಮ ಇವೆಲ್ಲ ಅಯೋಡಿನ್. ಬೀದಿ, ಸೇತುವೆ, ಚರ್ಚು, ನದಿ ಇವು ಯುರೇನಿಯಂ. 1944ರಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಫ್ರಾನ್ಸಿಗೆ ಇಳಿಯುವಾಗ ಅಧಿಕಾರಿಗಳ ಕೈಯಲ್ಲಿದ್ದದ್ದು 1939ರ ಮಿಷೆಲಿನ್ ಗೈಡಿನ ಮರುಮುದ್ರಣ. ಅದರಲ್ಲಿನ ಊಟದ ಹೋಟೆಲುಗಳನ್ನು ಕಟ್ಟಿಕೊಂಡು ಅವರಿಗೇನಾಗಬೇಕಿತ್ತು? ಬೇಕಾಗಿದ್ದುದು ಊರುಗಳ ನಕ್ಷೆ. ಐದು ವರ್ಷ ಹಳತಾದರೂ ನಕ್ಷೆ ಕೆಲಸಕ್ಕೆ ಬಂತು.

ಈ ಲೆಕ್ಕದಲ್ಲಿ ನಾವು ಆ 2005ರ ಪುಸ್ತಕವನ್ನು ಪರೀಕ್ಷೆಗೆ ಕೂರಿಸಿದೆವು. ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್ ರೈಲಿಗೆ ವಾಟರ್ಲೂ ನಿಲ್ದಾಣಕ್ಕೆ ಹೋಗಿ ಎನ್ನುತ್ತದೆ. 2007ರ ನವೆಂಬರಿನಿಂದ ಆ ರೈಲು ಹೊರಡುವುದು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ. ನಗರದ ಬಸ್ಸಿನಲ್ಲಿ ಚಿಲ್ಲರೆ ಕೊಟ್ಟು ಟಿಕೆಟ್ ಪಡೆಯಿರಿ ಎನ್ನುತ್ತದೆ. ಲಂಡನ್ ಬಸ್ಸುಗಳು ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದವು. ಸ್ಟೀಫನ್‌ಸನ್ನರ ‘ರಾಕೆಟ್’ ಉಗಿಬಂಡಿಯನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನೋಡಿ ಎನ್ನುತ್ತದೆ. 1862ರಿಂದ ಲಂಡನ್ನಿನಲ್ಲಿದ್ದ ಆ ಬಂಡಿ 2018ರಲ್ಲಿ ಉತ್ತರ ಇಂಗ್ಲೆಂಡಿಗೆ ಹೋಯಿತು. ಹಾಗೆಯೇ ಯಾರೋ ನೆಂಟರು ಉಳಿಸಿಕೊಟ್ಟಿದ್ದ 20 ಪೌಂಡಿನ ಕಾಗದದ ನೋಟುಗಳೂ ಪುಸ್ತಕದೊಳಗಿದ್ದವು. ಅವುಗಳ ಚಲಾವಣೆ 2022ರ ಸೆಪ್ಟೆಂಬರಿಗೆ ಮುಗಿದಿದೆ.

ಇನ್ನೊಂದು ಕಡೆ, ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶಧನವಿಲ್ಲ ಎಂದಿತ್ತು; ಇಂದಿಗೂ ಇಲ್ಲ. ಪ್ಯಾರಿಸ್ಸಿನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ ಎಂದಿತ್ತು, ಈಗಲೂ ಹಾಗೇ. ನಕ್ಷೆಗಳಲ್ಲಿ ಒಂದೆರಡು ರೈಲು ಮಾರ್ಗ ಬಿಟ್ಟುಹೋಗಿದ್ದರೂ ಬೀದಿಗಳು ಸರಿಯಾಗಿಯೇ ಇದ್ದವು. ಪುಸ್ತಕ ಪೂರ್ತಿ ನಪಾಸಾಗಲಿಲ್ಲ ಅನ್ನಿ.

ಆದರೆ ದೊಡ್ಡ ತೊಂದರೆ ಇದ್ದದ್ದು ಹಳತನದಲ್ಲಲ್ಲ, ಪುಸ್ತಕ ಯಾರಿಗಾಗಿ ಬರೆದದ್ದು ಎಂಬುದರಲ್ಲಿ. ಇಂಗ್ಲಿಷಿನಲ್ಲಿ ಸಿಗುವ ಗೈಡುಗಳ ಬಹುಪಾಲು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಗಳ ಪ್ರವಾಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ‘ಅಲ್ಪಾವಧಿ ಭೇಟಿಗೆ ವೀಸಾ ಬೇಕಿಲ್ಲ’ ಎಂಬ ಒಂದು ಸಾಲು ಅವರಿಗೆ ನಿಜ. ನಮ್ಮ ಪಾಸ್‌ಪೋರ್ಟಿಗೆ ಅಲ್ಲ. ಬ್ರಿಟನ್ನಿನ ವೀಸಾ ಇದ್ದ ಮಾತ್ರಕ್ಕೆ ಪ್ಯಾರಿಸ್ಸಿಗೆ ಹೋಗಲಾಗದು. ಅದಕ್ಕೆ ಷೆಂಗೆನ್ ವೀಸಾ ಬೇರೆಯೇ ಬೇಕು. ಲಂಡನ್ನಿನ ನಿಲ್ದಾಣದಲ್ಲೇ, ರೈಲು ಹತ್ತುವ ಮೊದಲೇ, ಫ್ರಾನ್ಸಿನ ಅಧಿಕಾರಿಗಳು ಪಾಸ್‌ಪೋರ್ಟು ನೋಡುತ್ತಾರೆ. ವೀಸಾ ಇಲ್ಲದಿದ್ದರೆ ಪ್ಯಾರಿಸ್ಸಿನ ಹೋಟೆಲಿಗೆ ಮುಂಗಡ ಕಟ್ಟಿದ ಹಣ ಅಲ್ಲಿಗೇ ನೀರಿನಲ್ಲಿ ಹೋಮ. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಪಕ್ಷ ಹದಿನೈದು ದಿನ ಮೊದಲು ಹಾಕಿರಲೇಬೇಕು. 30,000 ಯೂರೋಗಳಷ್ಟಾದರೂ ವೈದ್ಯಕೀಯ ವೆಚ್ಚಕ್ಕೆ ಒದಗುವ ವಿಮೆ ಬೇಕು. ಇದ್ಯಾವುದೂ ಆ ದಪ್ಪ ಪುಸ್ತಕದಲ್ಲಿರಲಿಲ್ಲ. ಬರೆದವನ ತಪ್ಪೂ ಅಲ್ಲ, ಅವನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ತಮಾಷೆಯೆಂದರೆ ಸ್ವಿಟ್ಜರ್ಲೆಂಡಿನ ವಿಷಯದಲ್ಲಿ ಹಳೆಯ ಪುಸ್ತಕವನ್ನು ನಂಬಿದರೆ ಅನಗತ್ಯ ಗಾಬರಿ. ಆ ದೇಶ 2008ರ ಡಿಸೆಂಬರಿನಲ್ಲಿ ಷೆಂಗೆನ್ ವ್ಯವಸ್ಥೆಗೆ ಸೇರಿದ್ದರಿಂದ, ಪ್ಯಾರಿಸ್ಸಿಗೆ ಪಡೆದ ವೀಸಾ ಅಲ್ಲಿಗೂ ನಡೆಯುತ್ತದೆ.

ವಿದ್ಯುತ್ತಿನ ಪುಟವೂ ಹೀಗೇ. ಅಮೆರಿಕದವರಿಗಾಗಿ ಬರೆದ ಗೈಡು ವೋಲ್ಟೇಜಿನ ಬಗ್ಗೆ ಒಂದು ಪುಟ ಹೆದರಿಸುತ್ತದೆ, ಅವರ ಮನೆಯಲ್ಲಿರುವುದು 120 ವೋಲ್ಟ್. ನಮಗೂ ಯೂರೋಪಿಗೂ 230 ವೋಲ್ಟ್, 50 ಹರ್ಟ್ಸ್, ಹೆದರಿಕೆ ಬೇಕಿಲ್ಲ. ನಮಗೆ ಬೇಕಾದದ್ದು ಪಿನ್ನಿನ ವಿವರ. ಇಂಗ್ಲೆಂಡಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು, ಒಳಗೊಂದು ಫ್ಯೂಸು. ನಮ್ಮ ಮೊಬೈಲ್ ಚಾರ್ಜರಿನ ಎರಡು ದುಂಡು ಪಿನ್ನು ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಕೂರುತ್ತದೆ, ಇಂಗ್ಲೆಂಡಿನಲ್ಲಿ ಕೂರುವುದಿಲ್ಲ.

‘ಅದೆಲ್ಲ ಇರಲಿ ಮೇಷ್ಟ್ರೇ, ಊಟದ ಗತಿ ಏನು?’ ಎಂದು ಆ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸಸ್ಯಾಹಾರಿ ಹೋಟೆಲುಗಳ ಪಟ್ಟಿ ಎಲ್ಲ ಗೈಡಿನಲ್ಲೂ ಇರುತ್ತದೆ, ಅದರಿಂದ ಅರ್ಧ ಪ್ರಯೋಜನ ಮಾತ್ರ. ಫ್ರಾನ್ಸಿನ ಈರುಳ್ಳಿ ಸೂಪನ್ನು ಸಾಂಪ್ರದಾಯಿಕವಾಗಿ ಗೋಮಾಂಸದ ಸಾರಿನಲ್ಲಿ ಕುದಿಸುತ್ತಾರೆ. ಪಾರ್ಮೆಸಾನ್ ಗಿಣ್ಣಿಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯ. ಹೆಸರು ಕೇಳಿದರೆ ಶುದ್ಧ ಶಾಕಾಹಾರ! ಇಂಥದ್ದನ್ನು ಎಚ್ಚರಿಸಿ, ‘ಮಾಂಸದ ಸಾರು ಹಾಕಿದ್ದೀರಾ?’ ಎಂದು ಕೇಳಲು ಅಲ್ಲಿನ ಭಾಷೆಯ ವಾಕ್ಯವನ್ನೂ ಕೊಡುವ ಗೈಡು ನಮ್ಮವರಿಗೆ ನಿಜವಾಗಿ ಉಪಯುಕ್ತ.

ಇನ್ನು ಋತು. ಗೈಡಿನ ಚಿತ್ರಗಳೆಲ್ಲ ಜೂನ್ ತಿಂಗಳ ಬಿಸಿಲಿನವು. ಇವರು ಹೊರಟದ್ದು ಡಿಸೆಂಬರಿಗೆ. ಲಂಡನ್ ಇರುವುದು ಐವತ್ತೊಂದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ತಿಂಗಳ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟಕ್ಕೆ, ಮುಳುಗುವುದು ನಾಲ್ಕರ ಒಳಗೆ. ನಮ್ಮಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಹೆಚ್ಚು ಬೆಳಕಿರುತ್ತದೆ. ದಿನಕ್ಕೆ ಐದು ಸ್ಥಳ ನೋಡಿ ಎಂಬ ಗೈಡಿನ ವೇಳಾಪಟ್ಟಿ ಅಲ್ಲಿಗೆ ಕತ್ತಲಾಯಿತು. ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ಬಸ್ಸೂ ಇಲ್ಲ, ಸುರಂಗ ರೈಲೂ ಇಲ್ಲ. ಇದನ್ನು ಎದ್ದುಕಾಣುವಂತೆ ಹೇಳದ ಪುಸ್ತಕಕ್ಕೆ ನಾನಂತೂ ಅಂಕ ಕೊಡಲಾರೆ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಅದೇ ಪ್ರಕಾಶಕರು ಭಾರತದ ಬಗ್ಗೆ ತಂದ ಗೈಡು ಪಕ್ಕದಲ್ಲಿದ್ದರೆ ತೆಗೆದು, ನಿಮಗೆ ಚೆನ್ನಾಗಿ ಗೊತ್ತಿರುವ ಊರಿನ ಪುಟ ಓದಿ. ಹಂಪಿಯೋ, ಶ್ರೀರಂಗಪಟ್ಟಣವೋ, ಬೇಲೂರೋ. ಬಸ್‌ಸ್ಟ್ಯಾಂಡಿನಿಂದ ದೇವಸ್ಥಾನಕ್ಕೆ ಎಷ್ಟು ದೂರ ಎಂದು ಸರಿಯಾಗಿ ಬರೆದಿದ್ದರೆ ಬರೆದವನು ಕಾಲಿಟ್ಟು ನಡೆದಿದ್ದಾನೆ ಎಂದು ನಂಬಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್ ಹೆಸರು ಗಳಿಸಿದ್ದೇ ಸ್ವತಃ ಹೋಗಿ ನೋಡಿ ಬರೆಯುವ ಈ ಹಟದಿಂದ. ಯೂರೋಪಿನಲ್ಲಿ ಅವರ ಹೆಸರೇ ಗೈಡಿಗೆ ಪರ್ಯಾಯ ಪದವಾಯಿತು.

ಆಮೇಲೆ ಲಂಡನ್ ಗೈಡಿನ ಕೊನೆಗಿರುವ ಪದಸೂಚಿಯಲ್ಲಿ ‘ಟಿಪ್ಪುವಿನ ಹುಲಿ’ ಹುಡುಕಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಆ ಮರದ ಹುಲಿ ಈಗ ವಿಕ್ಟೋರಿಯ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿಕ್ಕಿತೇ? ಅದೇ ಪುಟದಲ್ಲಿ, ರಸ್ತೆಯ ಎದುರು ಬದಿಯಲ್ಲೇ ವಿಜ್ಞಾನ ವಸ್ತುಸಂಗ್ರಹಾಲಯವಿದೆ, ಎರಡಕ್ಕೂ ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ಇಳಿಯಬೇಕು ಎಂದಿದೆಯೇ ನೋಡಿ. ಬಡಾವಣೆವಾರು ಜೋಡಿಸಿದ ಗೈಡು ಮಂಡಿನೋವಿನವರನ್ನು ಕಾಪಾಡುತ್ತದೆ; ಅಕಾರಾದಿಯಾಗಿ ಜೋಡಿಸಿದ್ದು ಊರೆಲ್ಲ ಸುತ್ತಿಸುತ್ತದೆ. ನಕ್ಷೆಗೆ ಮಾನ ಕೊಟ್ಟಿದ್ದಾರೆಯೇ ಎಂಬುದನ್ನೂ ಗಮನಿಸಿ. ಮಾನವಿದ್ದರೆ ಒಂದು ದಾರ ಹಿಡಿದು ದೂರ ಅಳೆಯಬಹುದು. ‘ಹತ್ತು ನಿಮಿಷದ ನಡಿಗೆ’ ಎಂಬುದು ಯಾರ ಕಾಲಿನ ಹತ್ತು ನಿಮಿಷವೋ ದೇವರೇ ಬಲ್ಲ.

ಗೊರೂರರ ‘ಅಮೆರಿಕದಲ್ಲಿ ಗೊರೂರು’, ಕಾರಂತರ ‘ಅಪೂರ್ವ ಪಶ್ಚಿಮ’ಗಳನ್ನು ಹೊರಡುವ ಮೊದಲು ಅಗತ್ಯವಾಗಿ ಓದಿ. ಅವು ಕಣ್ಣು ತೆರೆಸುವ ಪ್ರವಾಸ ಕಥನಗಳು. ಅವುಗಳಲ್ಲಿ ಬಸ್ಸಿನ ನಂಬರು ಹುಡುಕಬಾರದು ಅಷ್ಟೆ.

‘ಈಗೆಲ್ಲ ಫೋನಿನಲ್ಲೇ ಇದೆ, ಪುಸ್ತಕ ಯಾಕೆ?’ ಎಂದು ಹುಡುಗರು ಕೇಳುತ್ತಾರೆ. ಫೋನಿನಲ್ಲಿ ಸಿಗುವುದಕ್ಕೂ ಇದೇ ಪ್ರಶ್ನೆ ಹಾಕಿ: ಯಾವಾಗ ಬರೆದದ್ದು, ಯಾರಿಗಾಗಿ ಬರೆದದ್ದು? ವೀಸಾ, ರೈಲು, ಟಿಕೆಟ್ಟು ಇವನ್ನು ಆಯಾ ದೇಶದ ರಾಯಭಾರ ಕಚೇರಿ, ರೈಲ್ವೆ, ವಸ್ತುಸಂಗ್ರಹಾಲಯಗಳ ಅಧಿಕೃತ ತಾಣದಲ್ಲೇ, ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಬೇಕು. ಇತಿಹಾಸ, ಬೀದಿ, ಯಾವುದರ ಪಕ್ಕ ಯಾವುದು ಎಂಬುದಕ್ಕೆ ಪುಸ್ತಕ ಸಾಕು.

ಆ ದಂಪತಿ ಲಂಡನ್ನಿಗೆ ಮಾತ್ರ ಹೊಸ ಆವೃತ್ತಿ ಕೊಂಡರು. ಹಳೆಯದರಿಂದ ಪ್ಯಾರಿಸ್ಸಿನ ನಕ್ಷೆಗಳನ್ನು ಇಟ್ಟುಕೊಂಡರು. ಷೆಂಗೆನ್ ಅರ್ಜಿ ಸಕಾಲದಲ್ಲಿ ಹೋಯಿತು. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ ಎಂದೆ. 2005ರ ಪುಸ್ತಕದಲ್ಲಿ ಅದಿರಲು ಸಾಧ್ಯವಿಲ್ಲ. ಹೊಸದರ ಪದಸೂಚಿಯಲ್ಲೂ ಕಾಣಲಿಲ್ಲ. ಯಜಮಾನರು ಜೇಬಿನಿಂದ ಪೆನ್ಸಿಲ್ ತೆಗೆದು ನಕ್ಷೆಯ ಮೇಲೆ ಒಂದು ಚುಕ್ಕೆ ಇಟ್ಟು, ಅಂಚಿನಲ್ಲಿ ಹೆಸರು ಬರೆದುಕೊಂಡರು.