ಅರಮನೆಯ ಸುತ್ತಲಿನ ಮಣ್ಣು

ಮೈಸೂರು ಅರಮನೆ ನೋಡಲು ಬಂದವರು ಕೋಟೆಯನ್ನು ಬರೀ ಕಾಂಪೌಂಡ್ ಗೋಡೆಯೆಂದು ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಇಲ್ಲಿನ ಹಳೆಯ ಚರಿತ್ರೆ ಇರುವುದು ಆ ಗೋಡೆಯ ಸಾಲಿನಲ್ಲೇ. 1524ರಲ್ಲಿ ಬೆಟ್ಟದ ಚಾಮರಾಜ ಒಡೆಯರು ಇಲ್ಲಿ ಕೋಟೆ ಕಟ್ಟಿಸಿದರೆಂಬುದು ರೂಢಿಯ ಮಾತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರಿಗಾಗಿ ಎದ್ದ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ, ಬೆಂಕಿಗೆ ಆಹುತಿಯಾಯಿತು. ಈಗಿನದು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸದ್ದು, 1912ರಲ್ಲಿ ಮುಗಿದದ್ದು. ಅರಮನೆ ಬದಲಾಯಿತು, ಕೋಟೆಯ ಸಾಲು ಉಳಿಯಿತು. ಇಂಗ್ಲೆಂಡಿನಲ್ಲೂ ಹೀಗೇ: ನಾರ್ಮನ್ನರ ಮರದ ಕೋಟೆಗಳು ಕೊಳೆತು ಹೋದವು, ಅವು ನಿಂತಿದ್ದ ದಿಬ್ಬ, ಸುತ್ತಲಿನ ಕಂದಕ ಹುಲ್ಲು ಹೊದ್ದು ಉಳಿದವು.

ಟಿಪ್ಪು ಕೋಟೆಯನ್ನೇ ಕೆಡವಿ ಕಲ್ಲುಗಳನ್ನು ಹತ್ತಿರದ ನಜರಬಾದಿಗೆ ಸಾಗಿಸಿದ್ದನಲ್ಲ, 1799ರ ಮೇಲೆ ಮತ್ತೆ ಕಟ್ಟಿದ್ದು ಹಳೆಯದು ಹೇಗಾದೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸಾಗಿಸಿದ್ದು ಕಲ್ಲನ್ನು. ಅದೇ ಕಲ್ಲು ಮತ್ತೆ ಹಿಂದಿರುಗಿತು. ಗಾಡಿಗೆ ಹೇರಬಹುದಾದ ಕಲ್ಲಿಗಿಂತ, ಅಗೆದ ಹಳ್ಳ, ಪೇರಿಸಿದ ಏರಿ ಹಟಮಾರಿ. ಕಂದಕದ ಬಹುಭಾಗವನ್ನು ಮುಚ್ಚಿದ್ದರೂ, ಮುಚ್ಚಿದ ಮಣ್ಣಿಗೂ ಅಗೆಯದ ನೆಲಕ್ಕೂ ಬಣ್ಣ, ಬಿಗಿ ಬೇರೆ. ಬಲ್ಲವರು ಅಗೆದರೆ ಅಂಚು ಗೆರೆ ಎಳೆದಂತೆ ಕಾಣುತ್ತದೆ. ಆದ್ದರಿಂದಲೇ ಇಲ್ಲಿ ಚರಂಡಿಗೋ ಕೇಬಲ್ಲಿಗೋ ಗುಂಡಿ ತೋಡುವ ಮುನ್ನ ಪುರಾತತ್ವ ಬಲ್ಲವರೊಬ್ಬರು ಪಕ್ಕದಲ್ಲಿ ನಿಂತಿರಬೇಕು.