ಮೊದಲು ನೆಲೆ, ಬಳಿಕ ಎಲ್ಲೆ

ಅಧಿಕಾರದಲ್ಲಿರುವವರು ಪಕ್ಷಪಾತ ಮಾಡಿದರೆ ಅದನ್ನು 'ಮಲತಾಯಿ ಧೋರಣೆ' ಎಂದು ಕರೆಯುವುದು ನಮ್ಮ ಪತ್ರಿಕೆಗಳ, ಭಾಷಣಗಳ ರೂಢಿ. ಅನುದಾನ ಬಾರದಿದ್ದರೆ ಮಲತಾಯಿ ಧೋರಣೆ, ರೈಲು ಬಾರದಿದ್ದರೂ ಮಲತಾಯಿ ಧೋರಣೆ. ಹೀಗಾಗಿ ಎರಡನೆಯ ಸಂಬಂಧದಲ್ಲಿ ಒಂದು ಮನೆಯ ಹೊಸ್ತಿಲು ದಾಟುವ ಹೆಣ್ಣುಮಗಳು ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡುವ ಮುನ್ನವೇ ಆಕೆಗೊಂದು ಅಪವಾದ ಕಾದಿರುತ್ತದೆ. ಆ ಮನೆಯಲ್ಲಿರುವ ಮಗುವೂ ಅದೇ ಮಾತನ್ನು ಕೇಳುತ್ತಲೇ ಬೆಳೆದಿರುತ್ತದೆ. ಇಬ್ಬರೂ ಪರಸ್ಪರ ಅಂಜುತ್ತಲೇ ಒಂದೇ ಸೂರಿನಡಿ ಬದುಕಲು ತೊಡಗುತ್ತಾರೆ.

ಮರುವಿವಾಹವು ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಉಡಿಕೆ, ಕೂಡಿಕೆ ಎಂಬ ಹೆಸರುಗಳಲ್ಲಿ ಅದು ಹಿಂದಿನಿಂದಲೂ ನಡೆದು ಬಂದಿದೆ. ಇಂದು ಪತಿ ಅಥವಾ ಪತ್ನಿಯನ್ನು ಕಳೆದುಕೊಂಡವರಷ್ಟೇ ಅಲ್ಲದೆ ವಿಚ್ಛೇದನ ಪಡೆದವರೂ ಮಕ್ಕಳೊಡನೆ ಹೊಸ ಸಂಸಾರ ಕಟ್ಟಿಕೊಳ್ಳುತ್ತಿದ್ದಾರೆ. ಹಿರಿಯರು ಕೂಡಿ ಸಂಬಂಧ ಕುದುರಿಸುತ್ತಾರೆ, ದಿನ ಗೊತ್ತು ಮಾಡುತ್ತಾರೆ. ಆದರೆ ಮದುವೆಯ ಮರುದಿನದಿಂದ ಮಗು ಆ ಮನೆಯಲ್ಲಿ ಹೇಗೆ ಬಾಳಬೇಕೆಂಬುದನ್ನು ಯಾರೂ ಚರ್ಚಿಸುವುದಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ "ಈ ಮಗು ಮಾತು ಕೇಳುವುದಿಲ್ಲ, ಮಿತಿ ಮೀರಿ ನಡೆಯುತ್ತದೆ" ಎಂಬ ದೂರು ಕೇಳಿಬರುತ್ತದೆ. ಈ ದೂರಿನ ಮೂಲವೇನು, ಪರಿಹಾರವೇನು ಎಂಬುದನ್ನು ಮನಃಸ್ವಾಸ್ಥ್ಯದ ದೃಷ್ಟಿಯಿಂದ ವಿಚಾರಿಸೋಣ.

ಎಲ್ಲೆ ಎಂದರೇನು?

ಹೊಲಕ್ಕೆ ಬದುವಿರುವಂತೆ ಮನೆಯೊಳಗಿನ ಬಾಳಿಗೂ ಎಲ್ಲೆಗಳಿವೆ. ಯಾರ ವಸ್ತುವನ್ನು ಯಾರು ಕೇಳಿ ಮುಟ್ಟಬೇಕು, ಯಾವ ಬಾಗಿಲನ್ನು ಬಡಿದು ಒಳಗೆ ಹೋಗಬೇಕು, ಸಿಟ್ಟು ಬಂದಾಗಲೂ ಆಡಬಾರದ ಮಾತು ಯಾವುದು, ಯಾರ ಮೈಯನ್ನು ಯಾರು ಮುಟ್ಟಬಹುದು, ಪತಿಪತ್ನಿಯರಿಗೆ ಮೀಸಲಾದ ಹೊತ್ತು ಯಾವುದು ಎಂಬಿವೆಲ್ಲವೂ ಎಲ್ಲೆಗಳೇ. ಹುಟ್ಟಿದ ಮನೆಯಲ್ಲಿ ಮಗು ಇವನ್ನು ಯಾರೂ ಹೇಳಿಕೊಡದೆಯೇ, ವರ್ಷಗಳ ಒಡನಾಟದಲ್ಲಿ ಕಲಿತುಬಿಡುತ್ತದೆ. ಎರಡು ಸಂಸಾರಗಳು ಕೂಡಿದಾಗ ಹಳೆಯ ಬದುಗಳು ಅಳಿದುಹೋಗುತ್ತವೆ. ಹೊಸ ಬದುಗಳನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಆದ್ದರಿಂದ ಮಗುವಿನ ಅತಿಕ್ರಮಣವೆಂದು ನಮಗೆ ತೋರುವುದು ಎಷ್ಟೋ ಸಲ ತನ್ನ ಜಾಗ ಎಲ್ಲಿದೆಯೆಂಬ ಅದರ ಹುಡುಕಾಟವೇ ಆಗಿರುತ್ತದೆ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳೋಣ. ಹನ್ನೆರಡು ವರ್ಷದ ಹುಡುಗ. ತಾಯಿ ಲಿಂಗೈಕ್ಯಳಾಗಿ ಎರಡು ವರ್ಷ. ತಂದೆ ಮರುಮದುವೆಯಾಗಿದ್ದಾನೆ. ಬಂದ ಚಿಗವ್ವನೊಡನೆ ಆಕೆಯ ಆರು ವರ್ಷದ ಮಗಳೂ ಬಂದಿದ್ದಾಳೆ. ಹುಡುಗ ರಾತ್ರಿ ಬಾಗಿಲು ಬಡಿಯದೆ ಅವರ ಕೋಣೆಗೆ ನುಗ್ಗುತ್ತಾನೆ. ಚಿಗವ್ವನ ಕಪಾಟು ತೆರೆದು ಜಾಲಾಡುತ್ತಾನೆ. ತಂಗಿಯ ಆಟಿಕೆ ಕಸಿಯುತ್ತಾನೆ. ತಡೆದರೆ, "ನೀ ನನಗ ಹೇಳಾಕಿ ಯಾರು? ನೀ ನಮ್ಮವ್ವ ಅಲ್ಲ" ಎನ್ನುತ್ತಾನೆ.

ಮೇಲ್ನೋಟಕ್ಕೆ ಇದು ಉದ್ಧಟತನ. ಒಳಹೊಕ್ಕು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ತಾಯಿ ಹೋದ ಮೇಲೆ ಎರಡು ವರ್ಷ ಅವನು ಮಲಗಿದ್ದು ತಂದೆಯ ಮಗ್ಗುಲಲ್ಲಿ, ಅದೇ ಕೋಣೆಯಲ್ಲಿ. ಅವನು ತೆರೆಯುವ ಕಪಾಟು ಅವನ ತಾಯಿಯದು. ಅದರಲ್ಲಿ ಆಕೆಯ ಸೀರೆಗಳಿದ್ದವು. ನಿನ್ನೆಯವರೆಗೆ ಅವನದಾಗಿದ್ದ ಬಾಗಿಲು ಇಂದು ಮುಚ್ಚಿದೆ, ಏಕೆಂದು ಯಾರೂ ಹೇಳಿಲ್ಲ. ನಮ್ಮ ಕಣ್ಣಿಗೆ ಅವನು ಎಲ್ಲೆ ದಾಟುತ್ತಿದ್ದಾನೆ. ಅವನ ಕಣ್ಣಿಗೆ ಎಲ್ಲೆಯೇ ಅವನನ್ನು ದಾಟಿ ಮುಂದೆ ಬಂದಿದೆ.

ಮಗುವಿನ ಮನದೊಳಗೆ

ಇಂಥ ವರ್ತನೆಯ ಹಿಂದೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಮೊದಲನೆಯದು ತೀರದ ದುಃಖ. ಮರುಮದುವೆ ಹಿರಿಯರಿಗೆ ಹೊಸ ಆರಂಭವಾದರೆ ಮಗುವಿಗೆ ಅದು ಹಳೆಯದು ಮರಳಿ ಬಾರದೆಂಬುದರ ಖಾತ್ರಿ. ಮಕ್ಕಳ ದುಃಖವು ಕಣ್ಣೀರಾಗಿ ಹರಿಯುವುದಕ್ಕಿಂತ ಹೆಚ್ಚಾಗಿ ಸಿಟ್ಟು, ಹಟ, ಹೊಟ್ಟೆನೋವು, ತಲೆನೋವುಗಳ ರೂಪದಲ್ಲಿ ಹೊರಬೀಳುತ್ತದೆ.

ಎರಡನೆಯದು ನಿಷ್ಠೆಯ ಇಕ್ಕಟ್ಟು. ಹೊಸದಾಗಿ ಬಂದವರನ್ನು ಪ್ರೀತಿಸಿದರೆ ಹೆತ್ತ ತಾಯಿಗೋ ತಂದೆಗೋ ದ್ರೋಹ ಬಗೆದಂತೆ ಎಂದು ಮಗು ಒಳಗೊಳಗೇ ಭಾವಿಸುತ್ತದೆ. ಚಿಗವ್ವ ಮಾಡಿದ ಹೋಳಿಗೆ ರುಚಿಯಾಗಿದ್ದಷ್ಟೂ ಅದನ್ನು ತಳ್ಳಿಬಿಡಬೇಕೆನಿಸುತ್ತದೆ. ಒಳ್ಳೆಯವರಾದ ಮಲತಾಯಿಯರೇ ಕೆಲವೊಮ್ಮೆ ಹೆಚ್ಚು ತಿರಸ್ಕಾರ ಅನುಭವಿಸುವುದು ಇದೇ ಕಾರಣಕ್ಕೆ.

ಮೂರನೆಯದು ಸ್ಥಾನಪಲ್ಲಟ. ಒಬ್ಬನೇ ಮಗನಾಗಿದ್ದವನು ಇದ್ದಕ್ಕಿದ್ದಂತೆ ಅಣ್ಣನಾಗುತ್ತಾನೆ. ತಾಯಿಯಿಲ್ಲದ ಮನೆಯ ಜವಾಬ್ದಾರಿ ಹೊತ್ತು ತಂದೆಗೆ ಚಹಾ ಮಾಡಿಕೊಡುತ್ತಿದ್ದ ಮಗಳು ಮತ್ತೆ 'ಸಣ್ಣವಳು' ಆಗಿಬಿಡುತ್ತಾಳೆ.

ಧ್ರುವನ ಕಥೆಯನ್ನು ಅರಿಯದವರಿಲ್ಲ. ತಂದೆಯ ತೊಡೆಯೇರಲು ಬಯಸಿದ ಬಾಲಕನನ್ನು ಮಲತಾಯಿ ಸುರುಚಿ ನಿಂದಿಸಿದಳೆಂದು ನಾವು ತಪ್ಪದೆ ಹೇಳುತ್ತೇವೆ. ತಂದೆಯಾದ ಉತ್ತಾನಪಾದನು ಅಲ್ಲಿಯೇ ಇದ್ದೂ ಸುಮ್ಮನಿದ್ದನೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮಗು ಕೇಳಿದ್ದು ನೆಲೆ. ಸುರುಚಿಗೆ ಕಂಡದ್ದು ಅತಿಕ್ರಮಣ. ಇವೆರಡರ ನಡುವೆ ನಿಂತು ಮಾತನಾಡಬೇಕಾಗಿದ್ದವನು ಹೆತ್ತ ತಂದೆ. ಇಂದಿನ ಎಷ್ಟೋ ಮನೆಗಳ ತೊಡಕು ಕೂಡ ಹೆತ್ತವರ ಈ ಮೌನದಲ್ಲಿಯೇ ಅಡಗಿದೆ.

ಹೇಳಬೇಕಾದವರು ಯಾರು?

ಮರುವಿವಾಹದ ಕುಟುಂಬಗಳನ್ನು ದಶಕಗಳ ಕಾಲ ಅಭ್ಯಸಿಸಿದ ಅಮೆರಿಕದ ಮನೋವಿಜ್ಞಾನಿ ಮೇವಿಸ್ ಹೆದರಿಂಗ್ಟನ್ ಅವರು ಕಂಡುಕೊಂಡ ಒಂದು ಸಂಗತಿ ನಮಗೂ ಉಪಯುಕ್ತವಾಗಿದೆ. ಮಲತಂದೆ ಅಥವಾ ಮಲತಾಯಿ ಬಂದೊಡನೆ ಶಿಸ್ತಿನ ಅಧಿಕಾರ ಕೈಗೆತ್ತಿಕೊಂಡರೆ ಮಗು ಪ್ರತಿರೋಧಿಸುತ್ತದೆ. ಮೊದಲು ಸ್ನೇಹ ಬೆಳೆಸಿಕೊಂಡು, ಹೆತ್ತವರ ಶಿಸ್ತಿಗೆ ಬೆಂಬಲವಾಗಿ ನಿಂತರೆ ಸಂಬಂಧ ಕುದುರುತ್ತದೆ. ಹದಿಹರೆಯದ ಹೊಸ್ತಿಲಲ್ಲಿರುವ ಮಕ್ಕಳು ಹೊಂದಿಕೊಳ್ಳಲು ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ.

ಆದ್ದರಿಂದ ಆರಂಭದ ವರ್ಷಗಳಲ್ಲಿ ನಿಯಮಗಳನ್ನು ಹೆತ್ತವರೇ ತಮ್ಮ ಬಾಯಿಂದ ಹೇಳಬೇಕು. ಅದೂ ಇಡೀ ಕುಟುಂಬ ಕೂಡಿ ಕುಳಿತ ಹೊತ್ತಿನಲ್ಲಿ, ಸಿಟ್ಟಿಲ್ಲದ ಸಮಯದಲ್ಲಿ. "ಇದು ನನ್ನ ಮಾತು. ನಾ ಮನ್ಯಾಗ ಇಲ್ಲದಾಗ ಚಿಗವ್ವ ಹೇಳಿದರೂ ಅದು ನಾ ಹೇಳಿದಂಗ" ಎಂದು ತಂದೆ ಸ್ಪಷ್ಟಪಡಿಸಿದರೆ ಮಲತಾಯಿಯ ಹೆಗಲಿನ ಅರ್ಧ ಭಾರ ಇಳಿಯುತ್ತದೆ. ದುಡಿಮೆಯ ನೆಪದಲ್ಲಿ ದಿನವಿಡೀ ಹೊರಗಿದ್ದು, ಮಗುವನ್ನು ತಿದ್ದುವ ಹೊಣೆಯನ್ನೆಲ್ಲ ಹೊಸ ಪತ್ನಿಗೆ ಒಪ್ಪಿಸಿ, ಸಂಜೆ ಬಂದು ದೂರು ಕೇಳುವ ತಂದೆಯು ಇಬ್ಬರಿಗೂ ಅನ್ಯಾಯ ಮಾಡುತ್ತಾನೆ. ಮಕ್ಕಳೊಡನೆ ಮರುಮದುವೆಯಾದ ತಾಯಿಗೂ ಇದೇ ಮಾತು ಅನ್ವಯಿಸುತ್ತದೆ.

"ನೀ ನಮ್ಮವ್ವ ಅಲ್ಲ" ಎಂಬ ಮಾತಿಗೆ ವಾದವಾಗಲಿ ಕಣ್ಣೀರಾಗಲಿ ಉತ್ತರವಲ್ಲ. ಅದು ನಿಜವೇ ಆದ್ದರಿಂದ ಒಪ್ಪಿಕೊಳ್ಳುವುದೇ ಲೇಸು. "ಖರೆ, ನಾ ನಿಮ್ಮವ್ವ ಅಲ್ಲ. ಆಕಿ ಜಾಗಾ ನನಗ ಬ್ಯಾಡ. ಆದರ ಈ ಮನ್ಯಾಗ ಬಾಗಿಲಾ ಬಡದು ಒಳಗ ಬರೂದು ಎಲ್ಲಾರಿಗೂ ಒಂದ ನಿಯಮ." ಇಷ್ಟು ಹೇಳಿ ಸುಮ್ಮನಾದರೆ ಮಗುವಿನ ನಿಷ್ಠೆಗೂ ಕುಂದಿಲ್ಲ, ಮನೆಯ ನಿಯಮಕ್ಕೂ ಕುಂದಿಲ್ಲ.

ನೆಲೆ ಕೊಡುವ ಬಗೆ

ನಿಯಮ ಹೇಳುವ ಮುನ್ನ ಮಗುವಿಗೆ ಅದರ ನೆಲೆಯನ್ನು ಕಾಣಿಸಬೇಕು. ಮೇಲಿನ ಹುಡುಗನ ಮನೆಯಲ್ಲಿ ಹೀಗೆ ಮಾಡಬಹುದು. ತಾಯಿಯ ಒಂದೆರಡು ಸೀರೆ, ಬಳೆ, ಭಾವಚಿತ್ರಗಳನ್ನು ಒಂದು ಪೆಟ್ಟಿಗೆಯಲ್ಲಿರಿಸಿ ಅದರ ಕೀಲಿಕೈಯನ್ನು ಅವನಿಗೇ ಒಪ್ಪಿಸುವುದು. ಆ ಪೆಟ್ಟಿಗೆಯನ್ನು ಬೇರೆ ಯಾರೂ ತೆರೆಯುವಂತಿಲ್ಲ. ಅಂತೆಯೇ ಚಿಗವ್ವನ ಕಪಾಟನ್ನು ಅವನೂ ಕೇಳದೆ ತೆರೆಯುವಂತಿಲ್ಲ. ರಾತ್ರಿ ಮಲಗುವ ಮುನ್ನ ತಂದೆ ಅರ್ಧ ಗಂಟೆ ಅವನೊಬ್ಬನ ಬಳಿಯೇ ಕುಳಿತು ಮಾತನಾಡುವುದು. ಆ ಬಳಿಕ ಕೋಣೆಯ ಬಾಗಿಲು ಮುಚ್ಚಿದರೂ ಅದು ಅವನನ್ನು ಹೊರದಬ್ಬಿದಂತೆ ಆಗದು. ನಡುರಾತ್ರಿ ಅಂಜಿಕೆಯಾದರೆ ಬಾಗಿಲು ಬಡಿದರೆ ಸಾಕು, ತಂದೆ ಎದ್ದು ಬರುತ್ತಾನೆಂಬ ಭರವಸೆಯನ್ನೂ ಕೊಡಬೇಕು. ಕೊಟ್ಟ ಮೇಲೆ ಎದ್ದು ಬರಲೂ ಬೇಕು.

ಎಲ್ಲೆಯು ಇಬ್ಬದಿಯದು ಎಂಬುದನ್ನು ಹಿರಿಯರು ಮರೆಯಬಾರದು. ಹೊಸಬರನ್ನು 'ಅವ್ವ', 'ಅಪ್ಪ' ಎಂದೇ ಕರೆಯಬೇಕೆಂಬ ಒತ್ತಾಯ, ಅಗಲಿದವರ ಚಿತ್ರವನ್ನು ಗೋಡೆಯಿಂದ ಇಳಿಸುವುದು, ಬಂದವರ ಮುಂದೆ ಮಗುವಿನ ತಪ್ಪುಗಳನ್ನು ಎತ್ತಿ ಆಡುವುದು, ಬೇಡವೆಂದರೂ ಅಪ್ಪಿಕೊಳ್ಳುವುದು ಇವೆಲ್ಲ ಹಿರಿಯರು ಮಾಡುವ ಅತಿಕ್ರಮಣಗಳು. ಚಿಗವ್ವ, ಚಿಕ್ಕಮ್ಮ, ಕಾಕಾ ಎಂಬ ಸಂಬಂಧವಾಚಕಗಳು ನಮ್ಮ ಭಾಷೆಯಲ್ಲಿ ಗೌರವದಿಂದಲೇ ಇವೆ. ಮಗು ಒಪ್ಪಿ ಕರೆಯುವ ಹೆಸರೇ ಸರಿಯಾದ ಹೆಸರು. ತಾಯಿಯ ಪುಣ್ಯಸ್ಮರಣೆಯ ದಿನ ಮಲತಾಯಿಯೇ ಆ ಭಾವಚಿತ್ರಕ್ಕೆ ಹೂವಿರಿಸಿದರೆ, ನೂರು ಬುದ್ಧಿಮಾತುಗಳಿಗಿಂತ ಹೆಚ್ಚಿನದನ್ನು ಮಗು ಅರಿತುಕೊಳ್ಳುತ್ತದೆ.

ನಿಯಮಗಳು ಕೆಲವೇ ಇರಲಿ. ಮೂರೋ ನಾಲ್ಕೋ ಸಾಕು. ಕೇಳಿ ತೆಗೆದುಕೊಳ್ಳುವುದು, ಬಡಿದು ಒಳಬರುವುದು, ಕೈ ಎತ್ತದಿರುವುದು, ಸತ್ತವರನ್ನೂ ದೂರವಿರುವವರನ್ನೂ ಹೀಗಳೆಯದಿರುವುದು. ಇವು ಎರಡೂ ಕಡೆಯ ಮಕ್ಕಳಿಗೂ, ಹಿರಿಯರಿಗೂ ಒಂದೇ ಆಗಿರಬೇಕು. ವಯಸ್ಸಿಗೆ ತಕ್ಕ ವ್ಯತ್ಯಾಸವಿದ್ದರೆ ಕಾರಣ ಹೇಳಬೇಕು. ನಿಯಮ ಮುರಿದಾಗಿನ ಪರಿಣಾಮವು ತಪ್ಪಿಗೆ ಹೊಂದುವಂತಿರಲಿ: ಕೇಳದೆ ತೆಗೆದುಕೊಂಡರೆ ಮರಳಿಸಿ ಕೇಳುವುದು, ಮುರಿದರೆ ದುರಸ್ತಿಗೆ ಕೈಜೋಡಿಸುವುದು. ಹೊಡೆತ, ಊಟ ತಪ್ಪಿಸುವುದು, "ಹಾಸ್ಟೆಲ್ಲಿಗೆ ಹಾಕುತ್ತೇವೆ" ಎಂಬ ಬೆದರಿಕೆ ಇವು ನೆಲೆ ತಪ್ಪುವ ಭಯವನ್ನೇ ಬೆಳೆಸುತ್ತವೆ. ಆ ಭಯದಿಂದಲೇ ಮತ್ತೆ ಎಲ್ಲೆ ಮೀರುವ ವರ್ತನೆ ಹುಟ್ಟುತ್ತದೆ.

ಬಂಧುಗಳ ಪಾತ್ರ

ಅಜ್ಜ, ಅಜ್ಜಿ, ಸೋದರಮಾವಂದಿರು ಮಗುವಿಗೆ ದೊಡ್ಡ ಆಸರೆ. ಅವರೊಡನೆ ಬಳಕೆ ಕಡಿಯಬಾರದು. ಆದರೆ "ಚಿಗವ್ವ ಊಟಕ್ಕೆ ಸರಿಯಾಗಿ ಹಾಕುತ್ತಾಳೇನು?" ಎಂದು ಮಗುವನ್ನು ಪಕ್ಕಕ್ಕೆ ಕರೆದು ಕೇಳುವ ಕರುಣೆಯು ವಿಷದಂತೆ ಕೆಲಸ ಮಾಡುತ್ತದೆ. "ಇನ್ನು ಆಸ್ತಿಯೆಲ್ಲ ಅವರ ಪಾಲು" ಎಂಬ ಪಿಸುಮಾತೂ ಅಂಥದೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ತಂದೆ ಮರುಮದುವೆಯಾದನೆಂಬ ಕಾರಣಕ್ಕೆ ಮೊದಲ ಹೆಂಡತಿಯ ಮಕ್ಕಳ ವಾರಸುಹಕ್ಕು ಕಳೆದುಹೋಗುವುದಿಲ್ಲ. ಹಿರಿಯರು ಇದನ್ನು ತಿಳಿದು ಮಾತನಾಡಿದರೆ ಎಷ್ಟೋ ಅಂಜಿಕೆ ತಾನಾಗಿಯೇ ಅಳಿಯುತ್ತದೆ. ಮಗುವಿಗೆ ನಿಜವಾಗಿಯೂ ತೊಂದರೆಯಿದೆಯೆಂಬ ಅನುಮಾನ ಬಂದರೆ ಪಿಸುಗುಟ್ಟದೆ ಹೆತ್ತವರೊಡನೆ ನೇರವಾಗಿ ಮಾತನಾಡಬೇಕು.

ಮೈಯ ಎಲ್ಲೆ

ಎಲ್ಲ ಎಲ್ಲೆಗಳಲ್ಲಿ ರಾಜಿಯಿಲ್ಲದ್ದು ದೇಹದ ಎಲ್ಲೆ. ಎರಡು ಸಂಸಾರಗಳ ಬೆಳೆದ ಗಂಡು ಹೆಣ್ಣು ಮಕ್ಕಳು ಒಂದೇ ಮನೆಯಲ್ಲಿರುವಾಗ ಮಲಗುವ ವ್ಯವಸ್ಥೆ ಬೇರೆಯಾಗಿರಲಿ, ಬಚ್ಚಲುಮನೆಗೆ ಒಳಚಿಲಕವಿರಲಿ, ಕೋಣೆ ಒಂದೇ ಆಗಿದ್ದರೆ ಬಟ್ಟೆ ಬದಲಿಸಲು ಪರದೆಯಾದರೂ ಇರಲಿ. ಇದು ಯಾರ ಮೇಲಿನ ಸಂದೇಹವೂ ಅಲ್ಲ, ಎಲ್ಲರ ಮರ್ಯಾದೆಯ ರಕ್ಷಣೆ. ಮಗು ಮನೆಯ ಯಾರೊಬ್ಬರ ಬಳಿ ಒಂಟಿಯಾಗಿರಲು ಅಂಜಿದರೆ, ಅಥವಾ ತನಗೆ ಬೇಡವಾದ ಸ್ಪರ್ಶದ ಬಗ್ಗೆ ಹೇಳಿದರೆ, ಮನೆತನದ ಮಾನದ ಹೆಸರಿನಲ್ಲಿ ಅದನ್ನು ಅದುಮಿಡಕೂಡದು. ಹದಿನೆಂಟು ತುಂಬದ ಎಲ್ಲ ಗಂಡು ಹೆಣ್ಣು ಮಕ್ಕಳಿಗೂ 2012ರ ಪೋಕ್ಸೊ ಕಾಯಿದೆಯ ರಕ್ಷಣೆಯಿದೆ. ಮದುವೆಯಿಂದ ಸಂಬಂಧಿಗಳಾದವರು ಎಸಗಿದ ಅಪರಾಧವನ್ನು ಅದು ಇನ್ನಷ್ಟು ಗಂಭೀರವೆಂದು ಪರಿಗಣಿಸುತ್ತದೆ. ತಿಳಿದೂ ವರದಿ ಮಾಡದಿರುವುದು ಸಹ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೂ ಕರೆ ಮಾಡಬಹುದು, ಹಿರಿಯರೂ ಮಾಡಬಹುದು.

ವೈದ್ಯರ ನೆರವು ಯಾವಾಗ?

ಕೆಲವು ತಿಂಗಳ ಮುನಿಸು, ಹಟ ಸಹಜ. ಆದರೆ ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾದರೆ, ನಿದ್ದೆ ಊಟ ಕೆಟ್ಟರೆ, ಶಾಲೆಗೆ ಹೋಗಲೊಲ್ಲದಿದ್ದರೆ, ಕಿರಿಯ ಮಗುವಿಗೆ ಪದೇ ಪದೇ ನೋವುಂಟುಮಾಡಿದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಮಗು ಸಾಯುವ ಮಾತಾಡಿದರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ ಒಂದು ದಿನವೂ ತಡಮಾಡಬಾರದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹಾಗೂ ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗಗಳಲ್ಲಿ ಈ ಸೇವೆ ದೊರೆಯುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಗುವನ್ನೊಂದನ್ನೇ 'ರೋಗಿ'ಯೆಂದು ಕರೆದೊಯ್ಯದೆ ಹೆತ್ತವರೂ ಮಲತಾಯಿ ಅಥವಾ ಮಲತಂದೆಯೂ ಜೊತೆಗೆ ಹೋಗುವುದು ಒಳಿತು.

ಕೊನೆಯದಾಗಿ, ಕಾಲದ ಮಾತು. ಇಂಥ ಕುಟುಂಬಗಳೊಡನೆ ದೀರ್ಘಕಾಲ ಕೆಲಸ ಮಾಡಿದ ಪೆಟ್ರೀಷಿಯಾ ಪೇಪರ್ನೋ ಎಂಬ ಮನೋವಿಜ್ಞಾನಿಯ ಪ್ರಕಾರ, ಬೇಗ ಹೊಂದಿಕೊಂಡ ಕುಟುಂಬಗಳಿಗೂ ಒಂದಾಗಲು ಸುಮಾರು 4 ವರ್ಷ ಹಿಡಿದಿದೆ. ಹಲವಕ್ಕೆ 7 ವರ್ಷ ಅಥವಾ ಅದಕ್ಕೂ ಹೆಚ್ಚು. ಆದ್ದರಿಂದ ಮೊದಲ ವರ್ಷದಲ್ಲಿಯೇ ಪ್ರೀತಿಯನ್ನು ನಿರೀಕ್ಷಿಸದೆ ಸೌಜನ್ಯವನ್ನಷ್ಟೇ ನಿರೀಕ್ಷಿಸುವುದು ಜಾಣತನ. ನೆಟ್ಟ ತೆಂಗಿನ ಸಸಿಯನ್ನು ದಿನವೂ ಕಿತ್ತು ಬೇರು ನೋಡುವವರಿಲ್ಲ, ನೀರೆರೆದು ಕಾಯುತ್ತೇವೆ. ಒಂದು ದಿನ ಮಗು ಬಾಗಿಲು ಬಡಿದು, ಒಳಗಿನಿಂದ "ಬಾ" ಎನ್ನುವವರೆಗೆ ಹೊರಗೆ ನಿಲ್ಲುತ್ತದೆ. ಕರೆದರೆ ಬರಮಾಡಿಕೊಳ್ಳುತ್ತಾರೆಂಬ ನಂಬಿಕೆ ಅದರಲ್ಲಿ ಮೂಡಿದೆಯೆಂದು ಆಗ ತಿಳಿಯಬೇಕು.