ಮಾನ್ವಿ ಸೀಮೆಯ ಮಟ್ಟು

ಶ್ರಾವಣದ ಒಂದು ಭಾನುವಾರ, ರಾಯಚೂರಿನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ಅಣ್ಣನ ಮಗ ಕೇಳಿದ: “ಕಾಕಾ, ಈಗಿನ ಹಾಡಿನ ಮ್ಯಾಲೆ ಎಲ್ಲಾರಕಿಂತ ಹೆಚ್ಚು ಪ್ರಭಾವ ಯಾರ್ದು?” ಅವನ ಹತ್ತಿರ ಉತ್ತರ ಆಗಲೇ ಇತ್ತು. ಬೀಟಲ್ಸ್, ಮೈಕೆಲ್ ಜಾಕ್ಸನ್, ಇಳಯರಾಜ, ಹಂಸಲೇಖ, ರೆಹಮಾನ್. ಯಾರನ್ನೂ ತೆಗೆದುಹಾಕುವಂತಿಲ್ಲ. ಆದರೆ ಅಷ್ಟೊತ್ತಿಗೆ ಅಡುಗೆಮನೆಯಲ್ಲಿ ನಮ್ಮಕ್ಕ ಪಾತ್ರೆ ಎತ್ತಿಡುತ್ತ ಏನೋ ಗುನುಗುತ್ತಿದ್ದಳು. “ಅದು ಯಾರ ಹಾಡು ಹೇಳು ನೋಡೋಣು” ಎಂದೆ. ಅವನಿಗೆ ಗೊತ್ತಿರಲಿಲ್ಲ. ಹಾಡು ಮಾತ್ರ ಅವನಿಗೂ ಬಾಯಿಗೆ ಬರುತ್ತಿತ್ತು.

ಅದನ್ನು ಬರೆದವರು ವಿಜಯದಾಸರು. ಹುಟ್ಟಿದ್ದು 1682ರಲ್ಲಿ, ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಬಡವರ ಮನೆಯ ಹುಡುಗ, ಮೊದಲ ಹೆಸರು ದಾಸಪ್ಪ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಮನೆಯಲ್ಲಿ ಕರೆಯುತ್ತಿದ್ದುದು ಭಾಗಣ್ಣ ಎಂದು. ಆ ಭಾಗಣ್ಣನ ಶಿಷ್ಯರು ಜಗನ್ನಾಥದಾಸರು, ಮಾನ್ವಿ ಸೀಮೆಯ ಬ್ಯಾಗವಾಟದವರು, ಬದುಕಿ ಬಾಳಿದ್ದು ಮಾನ್ವಿಯಲ್ಲೇ. ಒಂದೇ ಸೀಮೆಯ ಮೂರು ಊರು, ಒಬ್ಬರ ಕೈಹಿಡಿದು ಒಬ್ಬರು ಬಂದ ಮೂವರು. ಪುರಂದರದಾಸರು 1564ರಲ್ಲಿ ಹೋದರು, ಮರುವರ್ಷವೇ ವಿಜಯನಗರ ಬಿತ್ತು. ಆಮೇಲೆ ಸೊರಗಿದ್ದ ದಾಸಪಂಥ ಮತ್ತೆ ಜೀವ ಹಿಡಿದದ್ದು ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬದ ಎರೆ ನೆಲದಲ್ಲಿ. ಪುರಂದರದಾಸರು ಕಾಶಿಯಲ್ಲಿ ವಿಜಯದಾಸರ ಕನಸಿನಲ್ಲಿ ಬಂದು ವಿಜಯವಿಠಲ ಎಂಬ ಅಂಕಿತ ಕೊಟ್ಟರು ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ.

ಮುನ್ನೂರು ವರ್ಷದ ಹಿಂದಿನವರು ಈಗಿನ ಹಾಡಿನ ಮೇಲೆ ಹೇಗೆ ಪ್ರಭಾವ ಬೀರಿದರು ಎಂಬುದು ಹುಡುಗನ ಮುಂದಿನ ಪ್ರಶ್ನೆ. ಅವನಿಗೆ ಗಿಟಾರಿನ ಹುಚ್ಚು, ಹಾಗಾಗಿ ರಾಬರ್ಟ್ ಜಾನ್ಸನ್ನನ ಕಥೆ ಹೇಳಿದೆ. ಅಮೆರಿಕದ ಮಿಸಿಸಿಪ್ಪಿ ಬಯಲು ನಮ್ಮ ದೋಆಬದಂತೆಯೇ ನದಿಯ ಸೀಮೆ, ಹತ್ತಿಯ ಸೀಮೆ. ಅಲ್ಲಿ ಬೆಳೆದ ಈ ಕಪ್ಪು ಗಾಯಕ 1936 ಮತ್ತು 1937ರಲ್ಲಿ ಒಟ್ಟು 29 ಹಾಡು ಮುದ್ರಿಸಿ, 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡ. ಅವನ ಹಾಡುಗಳು 1961ರಲ್ಲಿ ಎಲ್‌ಪಿ ತಟ್ಟೆಯಾಗಿ ಬಂದ ಮೇಲೆ ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್, ಕೀತ್ ರಿಚರ್ಡ್ಸ್ ಅವರಂಥ ಹುಡುಗರು ಅದಕ್ಕೆ ಸೋತರು. ರಾಕ್ ಸಂಗೀತದ ದಾರಿಯೇ ಬದಲಾಯಿತು. ಜಾನ್ಸನ್ ನಡುರಾತ್ರಿ ನಾಲ್ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದ ಎಂಬ ಕಥೆ ಅಲ್ಲಿದೆ. ನಮ್ಮ ಕಡೆಯ ಕಥೆ ಬೇರೆ. ಶ್ರೀನಿವಾಸಾಚಾರ್ಯ ಎಂಬ ಸಂಸ್ಕೃತ ಪಂಡಿತರಿಗೆ ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವು ಎಂದು ನೆಪ ಹೇಳಿದರು. ಆ ನೋವು ನಿಜವಾಗಿಯೇ ಬಂದು ಬಿಡದಾಯಿತು. ಕೊನೆಗೆ ಗುರುವಿನ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಅವರಿಗೆ ಧಾರೆ ಎರೆದರು. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ 1809ರವರೆಗೆ ಬದುಕಿದರು. ಗೋಪಾಲದಾಸರು 1762ರಲ್ಲೇ ಹೊರಟುಹೋದರು. ಹಾಡುಗಾರನ ಆಯುಷ್ಯ ಇನ್ನೊಬ್ಬ ಹಾಡುಗಾರನಲ್ಲಿ ಮುಂದುವರಿಯುತ್ತದೆ ಎಂದು ನಂಬಿದ ಸೀಮೆ ನಮ್ಮದು. ಈ ಕಥೆ ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಜಾನ್ಸನ್ನನ ದನಿ ತಟ್ಟೆಯಲ್ಲಿ ಉಳಿಯಿತು. ನಮ್ಮ ದಾಸರ ದನಿ ಉಳಿಯಲಿಲ್ಲ, ಸ್ವರಲಿಪಿಯೂ ಉಳಿಯಲಿಲ್ಲ. ಓಲೆಗರಿ, ಕೈಬರಹದ ವಹಿಗಳಲ್ಲಿ ಸಾಹಿತ್ಯ, ಹೆಚ್ಚೆಂದರೆ ಮೇಲೆ ಒಂದು ರಾಗ, ಒಂದು ತಾಳದ ಹೆಸರು. ಅವರ ಬಲ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಮಟ್ಟು ಖಾಲಿ ಬಿಟ್ಟದ್ದರಿಂದ ಪ್ರತಿ ತಲೆಮಾರೂ ತನ್ನ ಮಟ್ಟು ಹಾಕಬೇಕಾಯಿತು. ದಾಸವಾಣಿ ಎಂಬ ಹೆಸರಿನಲ್ಲಿ ಭೀಮಸೇನ ಜೋಶಿಯವರು ದಾಸರ ಪದಗಳಿಗೆ ಹಿಂದೂಸ್ತಾನಿ ರಾಗದ ಮೈ ಕೊಟ್ಟರು. ವಿದ್ಯಾಭೂಷಣರು ಕರ್ನಾಟಕ ಪದ್ಧತಿಯಲ್ಲಿ ಹಾಡಿದರು. ನಮ್ಮೂರಿನ ಹೆಸರನ್ನೇ ಹೊತ್ತ ರಾಯಚೂರು ಶೇಷಗಿರಿದಾಸರು ಎರಡೂ ಅಲ್ಲದ, ಈ ಸೀಮೆಯ ಬಿಸಿಲು ಹತ್ತಿದ ದನಿಯಲ್ಲಿ ಹಾಡಿದರು. ಕ್ಯಾಸೆಟ್ಟಿನ ಕಾಲದಲ್ಲಿ ಚಹಾದಂಗಡಿಗೂ ಬಂದ ಪದ ಈಗ ಮೊಬೈಲಿನ ರಿಂಗಿನಲ್ಲಿದೆ. ಕೈಲಾಸದ ಶಿವನ ಮೇಲೆ ವಿಜಯದಾಸರು ಬರೆದ ಪದವನ್ನು ಸೋಮವಾರ ಶಿವನ ಗುಡಿಯ ಮೈಕಿನಲ್ಲಿ ಹಾಕುವವರಿಗೆ ಅದು ವೈಷ್ಣವ ದಾಸರದು ಎಂಬ ನೆನಪೂ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ.

ಈಗಿನ ಸಿನಿಮಾ ಹಾಡನ್ನೇ ಬಿಚ್ಚಿ ನೋಡಿದರೂ ದಾಸರ ಕೈ ಕಾಣುತ್ತದೆ. ಮೊದಲು ಪಲ್ಲವಿ, ನಂತರ ಚರಣ, ಪ್ರತಿ ಚರಣದ ಕೊನೆಗೆ ಮತ್ತೆ ಪಲ್ಲವಿಗೆ ಬರುವುದು. ಈ ಕಟ್ಟನ್ನು ಕನ್ನಡಿಗರ ಕಿವಿಯಲ್ಲಿ ಕೂರಿಸಿದ್ದು ಶ್ರೀಪಾದರಾಜರಿಂದ ಪುರಂದರದಾಸರವರೆಗಿನವರು. ಅದು ಹಳ್ಳಿಯ ಕಿವಿಯಿಂದ ಜಾರದಂತೆ ಕಾಲಿಗೆ ಗೆಜ್ಜೆ ಕಟ್ಟಿ, ಗೋಪಾಳಬುಟ್ಟಿ ಹಿಡಿದು, ಯಾಯಿವಾರಕ್ಕೆ ಮನೆಮನೆ ಸುತ್ತಿದವರು ನಮ್ಮವರು. ಅವರಿಗೆ ಸಭಿಕರೆಂದರೆ ಮೊರದಲ್ಲಿ ಅಕ್ಕಿ ತರುವ ಹೆಣ್ಣುಮಗಳು. ಆಕೆಗೆ ಒಂದು ಸಲ ಕೇಳಿದರೆ ನೆನಪಿರುವಂತೆ ಕಟ್ಟಬೇಕು.

ಜಗನ್ನಾಥದಾಸರ ವಿಷಯದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಹರಿಕಥಾಮೃತಸಾರ ಅವರ ದೊಡ್ಡ ಕೃತಿ, ಭಾಮಿನಿ ಷಟ್ಪದಿಯಲ್ಲಿದೆ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದ ಜನಕ್ಕೆ ಆ ನಡೆ ಗೊತ್ತಿದ್ದದ್ದೇ. ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ತತ್ವಸುವ್ವಾಲಿ. ಸುವ್ವಿ ಎಂದರೆ ಹೆಣ್ಣುಮಕ್ಕಳು ಒನಕೆ ಹಿಡಿದು ಕುಟ್ಟುವಾಗ ಹಾಡುವ ಹಾಡು. ಅದನ್ನು ಕಟ್ಟಿರುವ ತ್ರಿಪದಿ ಎಂದರೆ ಬೀಸುವ ಕಲ್ಲಿನ ಮುಂದೆ ಹಾಡಿಕೊಂಡು ಬಂದ ಛಂದಸ್ಸು. ಒಂದು ಕಾಲಕ್ಕೆ ಕನ್ನಡದ ಪದವೆಂದರೆ ಮೂಗು ಮುರಿದಿದ್ದ ಪಂಡಿತರು, ತಾವು ಓದಿದ ವೇದಾಂತವನ್ನೆಲ್ಲ ತಂದು ಆ ತ್ರಿಪದಿಯಲ್ಲಿ ಇಟ್ಟರು. ಪ್ರಭಾವ ಎಂದರೆ ಮೇಲಿನಿಂದ ಕೆಳಗೆ ಇಳಿಯುವುದು ಎಂದುಕೊಂಡವರು ಇದನ್ನು ನೋಡಬೇಕು. ಇಲ್ಲಿ ಕಲಿಸಿದವರು ಹಿಟ್ಟು ಬೀಸುತ್ತಿದ್ದ ಅವ್ವಂದಿರು. ಹೆಸರಿಲ್ಲದ ಆ ಅವ್ವಂದಿರನ್ನು ಬಿಟ್ಟು ಮಾಡಿದ ಯಾವ ಪಟ್ಟಿಯನ್ನೂ ನಾನು ಒಪ್ಪಲಾರೆ.

ಈ ಸೀಮೆಯ ಹಾಡು ಎಂದರೆ ದಾಸರಷ್ಟೇ ಅಲ್ಲ. ಜಂಬಲದಿನ್ನಿಯ ಸಿದ್ದರಾಮ ಅವರು ಹಿಂದೂಸ್ತಾನಿ ಗಾಯನದ ಜೊತೆ ವಚನಗಳನ್ನು ಹಾಡಿ ಮನೆಮಾತಾದರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಹೆಂಬೇರಾಳಿನ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದಲ್ಲಿ ನೆಲೆಗೊಳಿಸಿದರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳೂ ಕನ್ನಡದವೇ. ಹಳ್ಳಿಯ ಭಜನೆಯಲ್ಲಿ ಒಂದೇ ಹಾರ್ಮೋನಿಯಂ, ಒಂದೇ ತಬಲಾ, ಒಂದೇ ಜೊತೆ ತಾಳ. ದಾಸರ ಪದ ಮುಗಿದ ಕೂಡಲೇ ತತ್ವಪದ ಎತ್ತುತ್ತಾರೆ.

ನನ್ನ ಕೊರಗು ಒಂದಿದೆ. ವಿಜಯದಾಸರನ್ನು ಈ ಸೀಮೆಯ ಜನ ನೆನೆಯುವುದೇ ಸುಳಾದಿಗೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳ ಬದಲಾಗುತ್ತ ಸಾಗಿ ಕೊನೆಗೆ ‘ಜತೆ’ಯಲ್ಲಿ ಬಂದು ನಿಲ್ಲುವ ರಚನೆ ಅದು. ಇವತ್ತು ದುರ್ಗಾ ಸುಳಾದಿಯನ್ನು ಎಷ್ಟೋ ಮನೆಗಳಲ್ಲಿ ದಿನಾ ಪಠಿಸುತ್ತಾರೆ, ಆದರೆ ಪಾರಾಯಣವಾಗಿ, ಒಂದೇ ಓಟದಲ್ಲಿ. ತಾಳಗಳು ಉದುರಿಹೋಗಿವೆ. ಸಾಹಿತ್ಯ ಉಳಿಸಿದ ಪುಣ್ಯ ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರಂಥವರದು. ಹಸ್ತಪ್ರತಿಗಳನ್ನು ಹುಡುಕಿ, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಪುಸ್ತಕ ಮಾಡಿದರು. ಮಟ್ಟನ್ನು ಹಾಗೆ ಹುಡುಕಿ ಜೋಡಿಸುವ ಕೆಲಸವೂ ಅಷ್ಟೇ ಶ್ರದ್ಧೆಯಿಂದ ಆಗಬೇಕಿದೆ. ಭಾದ್ರಪದ ಶುದ್ಧ ನವಮಿಗೆ ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆ. ದಾಸರ ಮನೆಯಲ್ಲಿ, ಅವರ ಸನ್ನಿಧಾನ ಇದೆಯೆಂದು ಜನ ನಂಬುವ ಕಂಬದ ಎದುರು, ಊರೂರಿನ ಭಜನಾ ಮಂಡಳಿಯ ಹೆಣ್ಣುಮಕ್ಕಳು ಸೇರುತ್ತಾರೆ. ಒಬ್ಬೊಬ್ಬರದು ಒಂದೊಂದು ಧಾಟಿ. ಅವನ್ನು ದಾಖಲಿಸಲು ದೊಡ್ಡ ಯಂತ್ರ ಬೇಡ, ಕಿಸೆಯಲ್ಲಿರುವ ಫೋನು ಸಾಕು.

ನಮ್ಮಜ್ಜಿ ಮಾನ್ವಿಯವಳು. ಹರಿಕಥಾಮೃತಸಾರಕ್ಕೆ ಆಕೆಯದೇ ಒಂದು ಧಾಟಿ ಇತ್ತು. ಯಾವ ಕ್ಯಾಸೆಟ್ಟಿನಲ್ಲೂ ಅದನ್ನು ನಾನು ಕೇಳಿಲ್ಲ. ಆಕೆ ಹೋದಾಗ ನಾವ್ಯಾರೂ ಅದನ್ನು ಹಿಡಿದಿಟ್ಟಿರಲಿಲ್ಲ. ಆ ಭಾನುವಾರ ಅಣ್ಣನ ಮಗ ಫೋನು ಹಿಡಿದು ಅಡುಗೆಮನೆಗೆ ಹೋದ. “ಅತ್ತಿ, ಅಜ್ಜಿ ಹಾಡ್ತಿದ್ದಂಗ ಹಾಡ್ರಿ” ಎಂದ. ಅಕ್ಕ ನಾಚಿಕೊಂಡು, ಸೆರಗಿಗೆ ಕೈ ಒರೆಸಿ, ಮೊದಲ ಸಂಧಿಯ ಎರಡು ಪದ್ಯ ಹಾಡಿದಳು. ಹಿಂದೆ ನಲ್ಲಿಯ ನೀರಿನ ಸದ್ದು ಕೇಳಿಸುತ್ತದೆ. ಆಮೇಲೆ ಅದನ್ನು ಎಷ್ಟು ಸಲ ಹಾಕಿ ಕೇಳಿದೆನೋ. ಮೂರನೆಯ ಸಾಲಿನ ನಡುವೆ ಅಜ್ಜಿ ಉಸಿರಿಗೆ ನಿಲ್ಲುತ್ತಿದ್ದ ಜಾಗದಲ್ಲೇ ಅಕ್ಕನೂ ನಿಲ್ಲುತ್ತಾಳೆ.